ಹಾಲ್‌ನಲ್ಲಿ ಮೈಕ್ ಮಾತು ಗುಂಯ್‌ಗುಡುವುದೇಕೆ? ಮೆತ್ತೆ ಹೊತ್ತು ಉತ್ತರ ಹುಡುಕಿದ ವ್ಯಾಲೇಸ್ ಸೇಬಿನ್ ಕಥೆ

ಸಮುದಾಯ ಭವನದಲ್ಲಿ ಕಾರ್ಯಕ್ರಮ. ವೇದಿಕೆ ಮೇಲೆ ಒಬ್ಬರು ಮೈಕ್ ಹಿಡಿದು ಮಾತಾಡುತ್ತಿದ್ದಾರೆ. ಸದ್ದು ಜೋರಾಗಿಯೇ ಇದೆ, ಕಿವಿಗೆ ಬಡಿಯುವಷ್ಟು. ಆದರೆ ಅವರು ಏನು ಹೇಳಿದರು ಎಂದು ಪಕ್ಕದವರನ್ನು ಕೇಳಿದರೆ ಅವರಿಗೂ ಗೊತ್ತಿಲ್ಲ. ಹಿಂದಿನ ಸಾಲಿನಿಂದ ಯಾರೋ ಕೈ ಎತ್ತಿ ಇನ್ನೂ ಸ್ವಲ್ಪ ಸೌಂಡ್ ಕೊಡಿ ಎಂದು ಸನ್ನೆ ಮಾಡುತ್ತಾರೆ. ಸೌಂಡ್ ಸಿಸ್ಟಮ್‌ನ ಹುಡುಗ ಕೊಡುತ್ತಾನೆ. ಈಗ ಮೊದಲಿಗಿಂತ ಜೋರಾಗಿ ಅರ್ಥವಾಗದೆ ಹೋಗುತ್ತದೆ.

ಇದಕ್ಕೆ ಪರಿಹಾರ ಹೇಳುವ ಫಾರ್ವರ್ಡ್‌ಗಳಿಗೂ ವಿಡಿಯೊಗಳಿಗೂ ಬರವಿಲ್ಲ. ಇನ್ನೆರಡು ಬಾಕ್ಸ್ ಹಾಕಿ ಅನ್ನುತ್ತದೆ ಒಂದು. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ ಅನ್ನುತ್ತದೆ ಇನ್ನೊಂದು. ಒಳ್ಳೆ ಈಕ್ವಲೈಜರ್ ಇದ್ದರೆ ಎಲ್ಲ ಸರಿಯಾಗುತ್ತದೆ ಅನ್ನುವವರೂ ಇದ್ದಾರೆ. ಈ ಮೂರೂ ಯಾಕೆ ಕೈಕೊಡುತ್ತವೆ ಎಂದು ತಿಳಿಯಬೇಕಾದರೆ ಅಮೆರಿಕದ ಒಬ್ಬ ಭೌತಶಾಸ್ತ್ರ ಮೇಷ್ಟ್ರ ಕಥೆ ಗೊತ್ತಿರಬೇಕು. ಅವರ ಕಾಲದಲ್ಲಿ ಸಭಾಂಗಣಕ್ಕೆ ಮೈಕ್ ಇರಲಿಲ್ಲ, ಸ್ಪೀಕರ್ ಇರಲಿಲ್ಲ, ಸದ್ದು ಅಳೆಯುವ ಮೀಟರ್ ಕೂಡ ಇರಲಿಲ್ಲ. ಆದರೂ ಇವತ್ತು ದೊಡ್ಡ ಸಂಗೀತ ಕಾರ್ಯಕ್ರಮಕ್ಕೆ ಬರುವ ಸೌಂಡ್ ಇಂಜಿನಿಯರ್ ಲ್ಯಾಪ್‌ಟಾಪ್ ತೆರೆದು ನೋಡುವ ಮುಖ್ಯ ಅಂಕಿಗಳಲ್ಲಿ ಒಂದು ಅವರು ಕೊಟ್ಟದ್ದೇ.

ಅವರ ಹೆಸರು ವ್ಯಾಲೇಸ್ ಕ್ಲೆಮೆಂಟ್ ಸೇಬಿನ್.

ಯಾರಿಗೂ ಬೇಡವಾಗಿದ್ದ ಕೆಲಸ

ಸೇಬಿನ್ ಹುಟ್ಟಿದ್ದು 1868ರ ಜೂನ್ 13ರಂದು, ಅಮೆರಿಕದ ಓಹಾಯೊ ರಾಜ್ಯದ ರಿಚ್‌ವುಡ್ ಎಂಬ ಸಣ್ಣ ಊರಿನಲ್ಲಿ. ಓದಿನಲ್ಲಿ ಚುರುಕು. 18ನೇ ವಯಸ್ಸಿಗೇ ಓಹಾಯೊ ಸ್ಟೇಟ್ ಯೂನಿವರ್ಸಿಟಿಯ ಪದವಿ ಮುಗಿಸಿ ಹಾರ್ವರ್ಡ್‌ಗೆ ಬಂದರು. 1888ರಲ್ಲಿ ಸ್ನಾತಕೋತ್ತರ ಪದವಿ ಪಡೆದು ಅಲ್ಲೇ ಭೌತಶಾಸ್ತ್ರ ಕಲಿಸಲು ನಿಂತರು. ಪಿಎಚ್‌.ಡಿ. ಮಾಡಲಿಲ್ಲ. ಮಾಡಿದ ಸಂಶೋಧನೆಯೂ ಬೆಳಕು ಮತ್ತು ವಿದ್ಯುತ್ತಿಗೆ ಸಂಬಂಧಿಸಿದ್ದು. ಶಬ್ದಶಾಸ್ತ್ರ ಅವರ ವಿಷಯವೇ ಆಗಿರಲಿಲ್ಲ.

1895ರಲ್ಲಿ ಹಾರ್ವರ್ಡ್‌ನಲ್ಲಿ ಫಾಗ್ ಕಲಾ ಸಂಗ್ರಹಾಲಯ ಎಂಬ ಹೊಸ ಕಟ್ಟಡ ತೆರೆಯಿತು. ವಾಸ್ತುಶಿಲ್ಪಿ ಆ ಕಾಲದ ದೊಡ್ಡ ಹೆಸರು, ರಿಚರ್ಡ್ ಮಾರಿಸ್ ಹಂಟ್. ನೋಡಲು ಚೆನ್ನಾಗಿತ್ತು. ಒಳಗಿದ್ದ ಉಪನ್ಯಾಸ ಕೊಠಡಿಯಲ್ಲಿ ಮಾತ್ರ ಪಾಠ ಮಾಡಿದರೆ ಒಂದು ಮಾತೂ ಅರ್ಥವಾಗುತ್ತಿರಲಿಲ್ಲ. ಸಾಧಾರಣ ದನಿಯಲ್ಲಿ ಆಡಿದ ಒಂದು ಪದ ಸುಮಾರು ಐದೂವರೆ ಸೆಕೆಂಡ್ ಕೊಠಡಿಯಲ್ಲೇ ತಿರುಗುತ್ತಿತ್ತು. ಎಷ್ಟೇ ನಿಧಾನವಾಗಿ ಮಾತಾಡಿದರೂ ಅಷ್ಟರೊಳಗೆ ಮುಂದಿನ ಹನ್ನೆರಡೋ ಹದಿನೈದೋ ಉಚ್ಚಾರಗಳು ಬಂದು ಅದರ ಮೇಲೆ ಬಿದ್ದಿರುತ್ತಿದ್ದವು. ಹತ್ತು ಜನ ಒಟ್ಟಿಗೆ ಮಾತಾಡಿದ ಹಾಗೆ. ಅಲ್ಲಿ ಮಾತಾಡುತ್ತಿದ್ದವರು ಒಬ್ಬರೇ, ಅಷ್ಟೇ ವ್ಯತ್ಯಾಸ.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡೋಣ. ಎದುರಿನ ಬಂಡೆಗೆ ಕೂಗಿದಾಗ ನಮ್ಮ ಕೂಗು ಸ್ವಲ್ಪ ಹೊತ್ತಿನ ಮೇಲೆ ಬೇರೆಯಾಗಿ, ಸ್ಪಷ್ಟವಾಗಿ ವಾಪಸ್ ಬರುತ್ತದಲ್ಲ, ಅದು ಪ್ರತಿಧ್ವನಿ. ಮುಚ್ಚಿದ ಹಾಲ್‌ನಲ್ಲಿ ಸದ್ದು ಗೋಡೆ, ನೆಲ, ಚಾವಣಿಗೆ ನೂರಾರು ಬಾರಿ ಬಡಿದು, ಒಂದರೊಳಗೊಂದು ಬೆರೆತು, ಎಳೆದ ಬಾಲದಂತೆ ಉಳಿಯುವುದು ಅನುರಣನ. ಕಲ್ಯಾಣ ಮಂಟಪದಲ್ಲಿ ನಮ್ಮನ್ನು ಕಾಡುವುದು ಹೆಚ್ಚಾಗಿ ಈ ಎರಡನೆಯದು.

ಹಾರ್ವರ್ಡ್‌ನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಈ ಕೊಠಡಿ ಸರಿಮಾಡಿ ಎಂದು ಭೌತಶಾಸ್ತ್ರ ವಿಭಾಗಕ್ಕೆ ಹೇಳಿದರು. ಇದು ಆಗದ ಕೆಲಸ ಎಂದು ಹಿರಿಯರು ಕೈ ಹಾಕಲಿಲ್ಲ. ಕೊನೆಗೆ ಅದು ವಿಭಾಗದ ಕಿರಿಯ ಮೇಷ್ಟ್ರ ತಲೆಗೆ ಬಂತು. ಆಗ ಸೇಬಿನ್‌ಗೆ 27 ವರ್ಷ. (ಕಚೇರಿಗಳಲ್ಲಿ ಈಗಲೂ ಹೀಗೇ ಅಲ್ಲವೇ?)

ಆ ಕಾಲದ ಫಾರ್ವರ್ಡ್‌ಗಳು

ಆಗ ವಾಟ್ಸಾಪ್ ಇರಲಿಲ್ಲ, ಆದರೆ ಕೇಳಿದ್ದನ್ನು ಪರೀಕ್ಷಿಸದೆ ದಾಟಿಸುವ ಅಭ್ಯಾಸ ಇತ್ತು. ಸಭಾಂಗಣದ ಸದ್ದು ಸರಿಹೋಗಬೇಕಾದರೆ ಚಾವಣಿಯ ಕೆಳಗೆ ಅಡ್ಡಡ್ಡ ತಂತಿ ಕಟ್ಟಬೇಕು ಎಂಬುದು ಅಂಥ ಒಂದು ನಂಬಿಕೆ. ತಂತಿ ಸದ್ದನ್ನು ಹಿಡಿದು ಕತ್ತರಿಸುತ್ತದಂತೆ. ಚರ್ಚ್‌ಗಳಲ್ಲಿ, ನ್ಯಾಯಾಲಯಗಳಲ್ಲಿ ಮೈಲಿಗಟ್ಟಲೆ ತಂತಿ ಬಿಗಿದಿದ್ದರು. ಇದರಿಂದ ಏನೂ ಪ್ರಯೋಜನವಿಲ್ಲ ಎಂದು ಸೇಬಿನ್ ಮುಂದೆ ಸ್ಪಷ್ಟವಾಗಿ ಬರೆದರು. ಕೋಣೆಯ ಉದ್ದ, ಅಗಲ, ಎತ್ತರ ಇಂತಿಷ್ಟೇ ಅನುಪಾತದಲ್ಲಿದ್ದರೆ ಸದ್ದು ತಾನಾಗಿ ಸರಿಯಿರುತ್ತದೆ ಎಂಬುದು ಇನ್ನೊಂದು ನಂಬಿಕೆ. ಕಟ್ಟಡ ಕಟ್ಟುವವರು ನಂಬಿದ್ದು ಇಂಥವನ್ನು. ಕಟ್ಟಿ ಮುಗಿದ ಮೇಲೆ ಸದ್ದು ಚೆನ್ನಾಗಿದ್ದರೆ ಅದೃಷ್ಟ, ಇಲ್ಲದಿದ್ದರೆ ಗ್ರಹಚಾರ.

ಸೇಬಿನ್ ಮೊದಲು ಮಾಡಿದ್ದು ಅಳೆಯುವ ತೀರ್ಮಾನ. ಹೇಳುವುದು ಸುಲಭ, ಯಾವುದರಿಂದ ಅಳೆಯುವುದು? ಮೊದಲು ಸದ್ದಿಗೆ ಅಲುಗುವ ಗ್ಯಾಸ್ ಜ್ವಾಲೆಯಿಂದ ಅಳೆಯಲು ನೋಡಿದರು. ಅದು ಸರಿಬರಲಿಲ್ಲ. ಆಮೇಲೆ ಅವರು ಆರಿಸಿಕೊಂಡ ಉಪಕರಣ ತಮ್ಮದೇ ಕಿವಿ. ಒಂದು ಆರ್ಗನ್ ಕೊಳವೆಯನ್ನು ಕೋಣೆಯಲ್ಲಿಟ್ಟು ಊದಿಸುವುದು. ಅದರ ಸ್ವರ ಸೆಕೆಂಡಿಗೆ 512 ಕಂಪನ. ಗಾಳಿ ತಟ್ಟನೆ ನಿಲ್ಲಿಸುವುದು. ಸದ್ದು ಕರಗಿ ಕರಗಿ ಕಿವಿಗೆ ಕೇಳದಾಗುವ ಕ್ಷಣಕ್ಕೆ ಗುಂಡಿ ಒತ್ತುವುದು. ವಿದ್ಯುತ್ತಿನಿಂದ ನಡೆಯುವ ಕಾಲಮಾಪಕ ನಡುವಿನ ಸಮಯವನ್ನು ಬರೆದುಕೊಳ್ಳುತ್ತಿತ್ತು. ಕಿವಿಯನ್ನು ನಂಬಬಹುದೇ ಎಂಬ ಅನುಮಾನ ಬರುವುದು ಸಹಜ. ಅದನ್ನೂ ಅವರು ಪರೀಕ್ಷಿಸಿದರು. ಒಂದೇ ಅಳತೆಯನ್ನು ಮತ್ತೆ ಮತ್ತೆ ತೆಗೆದರೂ, ಬೇರೆಯವರ ಕಿವಿಯಿಂದ ತೆಗೆದರೂ ಉತ್ತರ ಹೆಚ್ಚು ಕದಲಲಿಲ್ಲ.

ಮಧ್ಯರಾತ್ರಿಯ ಮೆತ್ತೆ ಸಾಗಣೆ

ಅದೇ ವಿಶ್ವವಿದ್ಯಾಲಯದಲ್ಲಿ ಸ್ಯಾಂಡರ್ಸ್ ಥಿಯೇಟರ್ ಎಂಬ ಸಭಾಂಗಣವಿತ್ತು. ಫಾಗ್ ಕೊಠಡಿಗಿಂತ ಬಹಳ ದೊಡ್ಡದು, ಆದರೂ ಅಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಎರಡರ ನಡುವೆ ಕಣ್ಣಿಗೆ ಕಾಣುವ ಒಂದು ವ್ಯತ್ಯಾಸವೆಂದರೆ ಸ್ಯಾಂಡರ್ಸ್‌ನ ಬೆಂಚುಗಳ ಮೇಲೆ ಮೆತ್ತೆಗಳಿದ್ದವು. ಸೇಬಿನ್ ಆ ಮೆತ್ತೆಗಳನ್ನೇ ಎರವಲು ಪಡೆದರು.

ಹಗಲು ಬೀದಿಯಲ್ಲಿ ಟ್ರಾಮ್‌ ಸದ್ದು, ವಿದ್ಯಾರ್ಥಿಗಳ ಗದ್ದಲ. ಹಾಗಾಗಿ ಪ್ರಯೋಗವೆಲ್ಲ ಮಧ್ಯರಾತ್ರಿ ಕಳೆದ ಮೇಲೆ. ಸಹಾಯಕರ ಜತೆ ಸೇರಿ ನೂರಾರು ಮೆತ್ತೆ ಹೊತ್ತು ಫಾಗ್ ಕೊಠಡಿಗೆ ತರುವುದು. ಕೆಲವನ್ನು ಹರಡಿ ಸಮಯ ಅಳೆಯುವುದು, ಇನ್ನಷ್ಟು ಹರಡಿ ಮತ್ತೆ ಅಳೆಯುವುದು. ಬೆಳಗಾಗುವುದರೊಳಗೆ ಎಲ್ಲವನ್ನೂ ವಾಪಸ್ ಸ್ಯಾಂಡರ್ಸ್‌ಗೆ ಹೊತ್ತೊಯ್ದು ಇದ್ದ ಜಾಗದಲ್ಲೇ ಇಡುವುದು. ಹೀಗೆ ಒಂದೆರಡು ದಿನವಲ್ಲ, ತಿಂಗಳುಗಟ್ಟಲೆ ನಡೆಯಿತು.

ಖಾಲಿ ಕೊಠಡಿಯಲ್ಲಿ ಕೊಳವೆಯ ಸದ್ದು 5.62 ಸೆಕೆಂಡ್ ಉಳಿಯುತ್ತಿತ್ತು. ಮೆತ್ತೆ ಹೆಚ್ಚಿದಂತೆ ಸಮಯ ಇಳಿಯಿತು. ಸೀಟು, ಓಡಾಡುವ ದಾರಿ, ವೇದಿಕೆ ತುಂಬಿ, ಹಿಂದಿನ ಗೋಡೆಗೂ ಮೆತ್ತೆ ಒಟ್ಟಿದಾಗ ಅದು 1.14 ಸೆಕೆಂಡ್‌ಗೆ ಬಂತು. ಆದರೆ ಒಂದು ವಿಚಿತ್ರ: ಮೊದಲ ಕೆಲವು ಮೆತ್ತೆಗಳು ಸಮಯವನ್ನು ಬಹಳ ಇಳಿಸಿದವು, ಕೊನೆಕೊನೆಗೆ ಎಷ್ಟು ಸುರಿದರೂ ಇಳಿತ ಸ್ವಲ್ಪವೇ. ಇದರ ಹಿಂದೆ ಯಾವುದೋ ನಿಯಮ ಇದೆ ಎಂದು ಅವರಿಗೆ ಅನಿಸಿತು. ಅದು ಸಿಗಲು ಇನ್ನೂ ಕೆಲವು ವರ್ಷ ಬೇಕಾಯಿತು.

ಈ ನಡುವೆ ನಡೆದ ಒಂದು ಸಂಗತಿ ನನಗೆ ಅವರ ಇಡೀ ಜೀವನದಲ್ಲೇ ಹೆಚ್ಚು ಇಷ್ಟ. ಸಾವಿರಾರು ಅಳತೆ ತೆಗೆದ ಮೇಲೆ ಸೇಬಿನ್‌ಗೆ ಒಂದು ಸಣ್ಣ ಏರುಪೇರು ಕಣ್ಣಿಗೆ ಬಿತ್ತು. ಹುಡುಕುತ್ತಾ ಹೋದರೆ ಕಾರಣ ಅವರು ತೊಟ್ಟ ಬಟ್ಟೆ! ಒಂದು ದಿನ ದಪ್ಪ ಕೋಟು, ಇನ್ನೊಂದು ದಿನ ತೆಳು ಬಟ್ಟೆ. ಬಟ್ಟೆ ಬದಲಾದರೆ ಅದು ಹೀರುವ ಸದ್ದೂ ಬದಲಾಗುತ್ತದೆ. ವ್ಯತ್ಯಾಸ ತೀರಾ ಚಿಕ್ಕದು, ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಅಷ್ಟೂ ಅಳತೆಗಳನ್ನು ಬದಿಗಿಟ್ಟು ಮೊದಲಿನಿಂದ ಶುರು ಮಾಡಿದರು. ಆಮೇಲೆ ಪ್ರಯೋಗಕ್ಕೆ ಬರುವಾಗಲೆಲ್ಲ ಅದೇ ನೀಲಿ ಕೋಟು, ಅದೇ ಪ್ಯಾಂಟು, ಅದೇ ಬೂಟು. ಕೆಲವು ಪ್ರಯೋಗಗಳಲ್ಲಿ ಮರದ ಪೆಟ್ಟಿಗೆಯೊಳಗೆ ಕುಳಿತು ತಲೆ ಮಾತ್ರ ಹೊರಗಿಟ್ಟುಕೊಳ್ಳುತ್ತಿದ್ದರು, ತಮ್ಮ ಮೈಯೇ ಅಳತೆಯನ್ನು ಕೆಡಿಸಬಾರದು ಎಂದು.

ಎಲಿಯಟ್ ಅವರ ತಾಳ್ಮೆ ಮುಗಿಯಿತು. ಎರಡು ವರ್ಷ ದಾಟಿದೆ, ಕೊಠಡಿ ಹಾಗೇ ಇದೆ, ಮೇಷ್ಟ್ರು ಇನ್ನೂ ಅಳೆಯುತ್ತಲೇ ಇದ್ದಾರೆ. ಇನ್ನು ಸಾಕು, ಸರಿಮಾಡಿ ಎಂದು ಒತ್ತಾಯ ಬಂತು. ಸೇಬಿನ್ ಗೋಡೆಗಳಿಗೆ ಕೂದಲಿನಿಂದ ಮಾಡಿದ ದಪ್ಪ ಫೆಲ್ಟ್ ಹೊದಿಸುವಂತೆ ಹೇಳಿದರು. ಕೊಠಡಿ ಅದ್ಭುತವಾಗಲಿಲ್ಲ, ಆದರೆ ಪಾಠ ಮಾಡುವಂತಾಯಿತು. ಬೇರೆಯವರಾಗಿದ್ದರೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು.

ಒಂದು ಶನಿವಾರ ರಾತ್ರಿ

1898ರಲ್ಲಿ ಬಾಸ್ಟನ್‌ನ ಶ್ರೀಮಂತ ಸಂಗೀತಪ್ರೇಮಿ ಹೆನ್ರಿ ಲೀ ಹಿಗಿನ್ಸನ್ ತಮ್ಮ ಸಿಂಫನಿ ಆರ್ಕೆಸ್ಟ್ರಾಗೆ ಹೊಸ ಸಭಾಂಗಣ ಕಟ್ಟಲು ಹೊರಟಿದ್ದರು. ಸೇಬಿನ್ ಸಲಹೆ ಪಡೆಯಬಹುದು ಎಂದು ಎಲಿಯಟ್ ಹೇಳಿದರು. ಸೇಬಿನ್ ಹಿಂಜರಿದರು. ಕೈಯಲ್ಲಿ ರಾಶಿ ಅಂಕಿ ಇದೆ, ಆದರೆ ಇನ್ನೂ ಕಟ್ಟದ ಹಾಲ್ ಹೇಗೆ ಕೇಳಿಸುತ್ತದೆ ಎಂದು ಮೊದಲೇ ಹೇಳುವ ಸೂತ್ರ ಇಲ್ಲ. ಸ್ವಲ್ಪ ಸಮಯ ಕೇಳಿ ಹಳೆಯ ಟಿಪ್ಪಣಿಗಳ ಮುಂದೆ ಕುಳಿತರು.

ಆ ಅಕ್ಟೋಬರ್ 29, ಶನಿವಾರ ಸಂಜೆ, ಮನೆಯಲ್ಲಿ ಕುಳಿತಿದ್ದಾಗ ಉತ್ತರ ಹೊಳೆಯಿತು. ಗ್ರಾಫ್ ಮೇಲೆ ಮೆತ್ತೆಯ ಅಳತೆ ಒಂದು ಕಡೆ, ಸದ್ದು ಉಳಿಯುವ ಸಮಯ ಇನ್ನೊಂದು ಕಡೆ ಇಟ್ಟರೆ ಬರುವ ಬಾಗಿದ ಗೆರೆ ಅತಿಪರವಲಯದ ಒಂದು ತುಂಡು. ಅವರು ಜೋರಾಗಿ ಕೂಗಿ ಅಮ್ಮನಿಗೆ ಈ ಸುದ್ದಿ ಹೇಳಿದರಂತೆ. ಆ ತಾಯಿಗೆ ಏನನಿಸಿತೋ. ಮರುದಿನವೇ ಎಲಿಯಟ್‌ಗೆ ಪತ್ರ ಹೋಯಿತು.

ಸಾದಾ ಮಾತಿನಲ್ಲಿ ಹೇಳುವುದಾದರೆ: ಸದ್ದು ಉಳಿಯುವ ಸಮಯವನ್ನು ಕೋಣೆಯ ಒಟ್ಟು ಹೀರುವ ಶಕ್ತಿಯಿಂದ ಗುಣಿಸಿದರೆ ಉತ್ತರ ಯಾವಾಗಲೂ ಒಂದೇ. ಹೀರುವ ಶಕ್ತಿ ದುಪ್ಪಟ್ಟಾದರೆ ಸಮಯ ಅರ್ಧವಾಗುತ್ತದೆ. ಒಟ್ಟು ಎಂದರೆ ಮೆತ್ತೆ ಮಾತ್ರವಲ್ಲ, ಗೋಡೆ, ನೆಲ, ಕುಳಿತ ಮನುಷ್ಯರು ಎಲ್ಲ ಸೇರಿ. ಬೇರೆ ಬೇರೆ ಗಾತ್ರದ ಕೋಣೆಗಳಲ್ಲಿ ಅಳೆದು ನೋಡಿದಾಗ ಆ ಉತ್ತರ ಕೋಣೆಯ ಗಾತ್ರಕ್ಕೆ ತಕ್ಕಂತೆ ಹೆಚ್ಚುವುದೂ ಗೊತ್ತಾಯಿತು. ಸೂತ್ರ ಇಷ್ಟೇ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಟ್ಟು ಹೀರುವಿಕೆಯಿಂದ ಭಾಗಿಸಿದರೆ ಅನುರಣನ ಕಾಲ ಸೆಕೆಂಡ್‌ಗಳಲ್ಲಿ ಬರುತ್ತದೆ. 0.161 ಈಗ ಬಳಸುವ ಅಂಕಿ, ಸೇಬಿನ್ ಪಡೆದದ್ದು ಇದಕ್ಕಿಂತ ತುಸು ಹೆಚ್ಚು.

ಹೀರುವಿಕೆಗೆ ಅವರು ಆರಿಸಿದ ಅಳತೆಗೋಲು ಬಹಳ ಚೆನ್ನಾಗಿದೆ: ತೆರೆದ ಕಿಟಕಿ. ಕಿಟಕಿಯಿಂದ ಹೊರಹೋದ ಸದ್ದು ವಾಪಸ್ ಬರುವುದಿಲ್ಲ, ಅಂದರೆ ಅದು ನೂರಕ್ಕೆ ನೂರು ಹೀರಿದ ಹಾಗೆ. ಸೇಬಿನ್ ಲೆಕ್ಕದಲ್ಲಿ ಸಭೆಯಲ್ಲಿ ಕುಳಿತ ಒಬ್ಬ ಮನುಷ್ಯ ಹೆಚ್ಚುಕಡಿಮೆ ಅರ್ಧ ಚದರ ಮೀಟರ್ ತೆರೆದ ಕಿಟಕಿಗೆ ಸಮ.

ನಮ್ಮ ಹಾಲ್‌ಗೆ ಇದನ್ನು ಹಚ್ಚಿ ನೋಡೋಣ. 30 ಮೀಟರ್ ಉದ್ದ, 15 ಮೀಟರ್ ಅಗಲ, 6 ಮೀಟರ್ ಎತ್ತರದ ಒಂದು ಕಲ್ಯಾಣ ಮಂಟಪ ಎಂದುಕೊಳ್ಳಿ. ಒಳಗಿನ ಜಾಗ 2,700 ಘನ ಮೀಟರ್. ಗ್ರಾನೈಟ್ ನೆಲ, ಸಿಮೆಂಟ್ ಗೋಡೆ, ಕಾಂಕ್ರೀಟ್ ಚಾವಣಿ, ಒಟ್ಟು ಮೈ 1,440 ಚದರ ಮೀಟರ್. ಇಂಥ ಗಟ್ಟಿ ಮೈ ತನಗೆ ಬಡಿದ ಸದ್ದಿನಲ್ಲಿ ನೂರಕ್ಕೆ ಐದು ಪಾಲು ಹೀರುತ್ತದೆ ಎಂದಿಟ್ಟುಕೊಂಡರೆ ಒಟ್ಟು ಹೀರುವಿಕೆ 72. ಅನುರಣನ ಕಾಲ ಸುಮಾರು 6 ಸೆಕೆಂಡ್. ಇದು ಆ ಫಾಗ್ ಕೊಠಡಿಗಿಂತಲೂ ಕೆಟ್ಟದು! ಈಗ 400 ಜನ ಬಂದು ಕುಳಿತರು. ತಲಾ 0.45ರಂತೆ 180 ಸೇರಿ ಹೀರುವಿಕೆ 252 ಆಯಿತು. ಅನುರಣನ ಕಾಲ ಸುಮಾರು 1.7 ಸೆಕೆಂಡ್. ಖಾಲಿ ಹಾಲ್‌ನಲ್ಲಿ ಬೆಳಿಗ್ಗೆ ಮಾಡಿದ ಸೌಂಡ್ ಚೆಕ್‌ಗೂ ಸಂಜೆ ತುಂಬಿದ ಸಭೆಗೂ ಸಂಬಂಧವೇ ಇಲ್ಲದಂತೆ ಕೇಳುವುದು ಇದಕ್ಕೇ. ಬಂದ ಜನರೇ ಆ ಹಾಲ್‌ನ ಅತಿ ದೊಡ್ಡ ಮೆತ್ತೆ.

ಸಿಂಫನಿ ಹಾಲ್ ಮತ್ತು ನುಂಗಿಕೊಂಡ ನೋವು

ಹೊಸ ಹಾಲ್‌ಗೆ ಮಾದರಿಯಾಗಿದ್ದ ಕಟ್ಟಡಗಳಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದ ಗೆವಾಂಡ್‌ಹೌಸ್ ಒಂದು. ಒಳ್ಳೆಯ ಹೆಸರಿದ್ದ ಸಭಾಂಗಣ, ಆದರೆ ಚಿಕ್ಕದು. ಬಾಸ್ಟನ್‌ಗೆ ಇನ್ನೂ ಸುಮಾರು ಸಾವಿರ ಸೀಟು ಹೆಚ್ಚು ಬೇಕಿತ್ತು. ಅದೇ ನಕ್ಷೆಯನ್ನು ಎಲ್ಲ ದಿಕ್ಕಿಗೂ ಹಿಗ್ಗಿಸಿದರಾಯಿತು ಎಂಬುದು ಎಲ್ಲರಿಗೂ ತೋಚುವ ದಾರಿ. ಸೇಬಿನ್ ಲೆಕ್ಕ ಹಾಕಿ ತೋರಿಸಿದರು: ಹಾಗೆ ಮಾಡಿದರೆ ಅನುರಣನ ಕಾಲ 2.3 ಸೆಕೆಂಡ್‌ನಿಂದ 3 ಸೆಕೆಂಡ್‌ಗೆ ಏರುತ್ತದೆ, ಸಂಗೀತ ಕಲಸಿಹೋಗುತ್ತದೆ. ಉದ್ದ, ಅಗಲ, ಎತ್ತರ ಎಲ್ಲ ಹೆಚ್ಚಿದಾಗ ಜಾಗ ಬೆಳೆಯುವಷ್ಟು ವೇಗವಾಗಿ ಹೀರುವ ಮೈ ಬೆಳೆಯುವುದಿಲ್ಲ. ಒಂದು ಕಟ್ಟಡ ಕಟ್ಟುವ ಮೊದಲೇ ಕಾಗದದ ಮೇಲೆ ಅದರ ಸದ್ದನ್ನು ಲೆಕ್ಕ ಹಾಕಿದ್ದು ಅಲ್ಲೇ ಮೊದಲು. ವಾಸ್ತುಶಿಲ್ಪಿ ಚಾರ್ಲ್ಸ್ ಮೆಕಿಮ್ ಅವರ ಸಂಸ್ಥೆಯ ನಕ್ಷೆಯನ್ನು ಇದಕ್ಕೆ ಹೊಂದಿಸಿದರು. ಎರಡು ಹಂತದ ಬಾಲ್ಕನಿ ಬಂತು, ವೇದಿಕೆ ಕಿರಿದಾದ ಗೂಡಿನಂಥ ಜಾಗಕ್ಕೆ ಹೋಯಿತು.

1900ರ ಅಕ್ಟೋಬರ್ 15ರಂದು ವಿಲ್ಹೆಲ್ಮ್ ಗೆರಿಕೆ ನಿರ್ದೇಶನದಲ್ಲಿ ಬೀಥೋವನ್ ಕೃತಿಯೊಂದಿಗೆ ಬಾಸ್ಟನ್ ಸಿಂಫನಿ ಹಾಲ್ ತೆರೆಯಿತು. ಸೇಬಿನ್ ಅದೇ ವರ್ಷ ಜೇನ್ ಕೆಲ್ಲಿ ಎಂಬ ವೈದ್ಯೆಯನ್ನು ಮದುವೆಯಾಗಿದ್ದರು, ತಮ್ಮ ಸಂಶೋಧನೆಯ ಮುಖ್ಯ ಪ್ರಬಂಧವನ್ನೂ ಪ್ರಕಟಿಸಿದ್ದರು. ಎಲ್ಲ ಕೂಡಿಬಂದ ಹಾಗಿತ್ತು.

ವಿಮರ್ಶಕರು ಕೈಬಿಟ್ಟರು. ಹಳೆಯ ಹಾಲ್‌ನ ಸದ್ದಿಗೆ ಒಗ್ಗಿದ್ದ ಕೆಲವು ಪ್ರಭಾವಿ ಪತ್ರಿಕಾ ವಿಮರ್ಶಕರಿಗೆ ಹೊಸದು ಹಿಡಿಸಲಿಲ್ಲ. ವಿಜ್ಞಾನದಿಂದ ಕಟ್ಟಿದ ಹಾಲ್ ಎಂಬ ಮಾತೇ ಅವರಿಗೆ ಚುಚ್ಚಲು ಅನುಕೂಲವಾಯಿತು. ಸೇಬಿನ್ ಲೆಕ್ಕದಲ್ಲೂ ಒಂದು ಕೊರತೆ ಇತ್ತು. ಅವರು ಹೇಳಿದ್ದು 2.31 ಸೆಕೆಂಡ್, ಮುಂದೆ ಒಳ್ಳೆಯ ಉಪಕರಣಗಳಿಂದ ಅಳೆದಾಗ ತುಂಬಿದ ಹಾಲ್‌ನಲ್ಲಿ ಸಿಕ್ಕಿದ್ದು ಎರಡು ಸೆಕೆಂಡ್‌ಗಿಂತ ಕಡಿಮೆ. ಪ್ರೇಕ್ಷಕರ ಹೀರುವಿಕೆಯನ್ನು ತಲೆ ಎಣಿಸಿ ಲೆಕ್ಕ ಹಾಕುವುದಕ್ಕಿಂತ ಅವರು ಕುಳಿತ ಜಾಗದ ವಿಸ್ತಾರದಿಂದ ಹಾಕುವುದು ಸರಿ ಎಂದು ಸ್ಪಷ್ಟವಾದದ್ದು ಎಷ್ಟೋ ವರ್ಷಗಳ ನಂತರ, ಲಿಯೋ ಬೆರಾನೆಕ್ ಅವರ ಕೆಲಸದಿಂದ. (ಮೇಲೆ ನಾನು ತಲೆ ಎಣಿಸಿದ್ದು ಲೆಕ್ಕ ಸುಲಭವಾಗಲಿ ಎಂದು.)

ಸೇಬಿನ್‌ಗೆ ಈ ಟೀಕೆ ಆಳವಾಗಿ ನಾಟಿತು. ಜಗಳಕ್ಕೆ ಹೋಗಲಿಲ್ಲ, ಸಮರ್ಥಿಸಿಕೊಳ್ಳಲೂ ಇಲ್ಲ. ಮುಂದಿನ ಬರಹಗಳಲ್ಲಿ ಆ ಹಾಲ್‌ನ ಹೆಸರೆತ್ತುವುದನ್ನೇ ಬಿಟ್ಟುಬಿಟ್ಟರು. ಇವತ್ತು ಅದೇ ಸಿಂಫನಿ ಹಾಲ್ ವಿಯೆನ್ನಾದ ಮ್ಯೂಸಿಕ್‌ಫೆರೈನ್, ಆಮ್‌ಸ್ಟರ್‌ಡ್ಯಾಮ್‌ನ ಕಾನ್ಸರ್ಟ್‌ಗೆಬೌ ಜತೆ ಜಗತ್ತಿನ ಅತ್ಯುತ್ತಮ ಸಂಗೀತ ಸಭಾಂಗಣಗಳ ಸಾಲಿನಲ್ಲಿದೆ. ಅದರ ಪ್ರವೇಶ ಮೊಗಸಾಲೆಯಲ್ಲಿ ಸೇಬಿನ್ ಹೆಸರಿನ ಫಲಕವಿದೆ. ಅದನ್ನು ನೋಡಲು ಅವರಿರಲಿಲ್ಲ.

ಕೇಳುವುದಕ್ಕೆ ಬೇಕಾದ ಮೂರು ಸಂಗತಿ

ಆ 1900ರ ಪ್ರಬಂಧದ ಆರಂಭದಲ್ಲೇ ಸೇಬಿನ್ ಒಂದು ಸರಳ ಮಾತು ಹೇಳಿದ್ದಾರೆ. ಸಭಾಂಗಣದಲ್ಲಿ ಚೆನ್ನಾಗಿ ಕೇಳಬೇಕಾದರೆ ಸದ್ದು ಸಾಕಷ್ಟು ಜೋರಾಗಿರಬೇಕು. ಅದರೊಳಗಿನ ದಪ್ಪ, ತೆಳು ಸ್ವರಗಳ ಪ್ರಮಾಣ ಕೆಡಬಾರದು. ಒಂದರ ಹಿಂದೆ ಒಂದು ಬರುವ ಉಚ್ಚಾರಗಳು ಪರಸ್ಪರ ಬೆರೆಯದೆ, ಬೇರೆ ಗದ್ದಲವೂ ಸೇರದೆ ಬಿಡಿಬಿಡಿಯಾಗಿ ಕೇಳಬೇಕು.

ಇವತ್ತಿನ ಲೈವ್ ಸೌಂಡ್ ಇಂಜಿನಿಯರ್ ಸ್ಪೀಕರ್‌ಗಳನ್ನು ಹೊಂದಿಸುವಾಗ ಮಾಡುವುದು ಇದನ್ನೇ. ಕಾರ್ಯಕ್ರಮಕ್ಕೆ ಮೊದಲು ಜೋಗದ ನೀರು ಬಿದ್ದಂಥ ಸದ್ದು ಅಥವಾ ಕೆಳಸ್ವರದಿಂದ ಮೇಲಕ್ಕೆ ಜಾರುವ ಒಂದು ಕೂಗು ಹೊಮ್ಮಿಸಿ, ಅಳತೆಯ ಮೈಕನ್ನು ಪ್ರೇಕ್ಷಕರ ಜಾಗದಲ್ಲಿ ಅಲ್ಲಲ್ಲಿ ಇಟ್ಟು ನೋಡುವುದನ್ನು ನೀವು ಕಂಡಿರಬಹುದು. ಜೋರು ಹಿಂದಿನವರೆಗೂ ಒಂದೇ ಇದೆಯೇ ಎಂಬುದು ಮೊದಲ ಪ್ರಶ್ನೆ. ಸ್ವರಗಳ ಪ್ರಮಾಣ ಸರಿಮಾಡುವುದು ಈಕ್ವಲೈಜರ್ ಕೆಲಸ. ಮೂರನೆಯದೇ ಕಷ್ಟ, ಯಾಕೆಂದರೆ ಅದು ಸಮಯಕ್ಕೆ ಸಂಬಂಧಿಸಿದ್ದು.

ದೊಡ್ಡ ಮೈದಾನದಲ್ಲಿ ವೇದಿಕೆಯ ಸ್ಪೀಕರ್ ಜತೆಗೆ ಹಿಂದಿನವರಿಗಾಗಿ ನಡುವೆ ಇನ್ನೊಂದು ಕಂಬ ನಿಲ್ಲಿಸುತ್ತಾರೆ. ತಂತಿಯಲ್ಲಿ ಸಂಕೇತ ಕ್ಷಣದಲ್ಲಿ ಓಡುತ್ತದೆ, ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಮಾತ್ರ. ಕಂಬ 34 ಮೀಟರ್ ದೂರವಿದ್ದರೆ ವೇದಿಕೆಯ ಸದ್ದು ಅಲ್ಲಿಗೆ ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಕಂಬದ ಸ್ಪೀಕರನ್ನು ಅಷ್ಟೇ ತಡಮಾಡಿ ನುಡಿಸದಿದ್ದರೆ ಹಿಂದಿದ್ದವರಿಗೆ ಒಂದೇ ಪದ ಎರಡು ಬಾರಿ ಕೇಳುತ್ತದೆ. ಈ ತಡವನ್ನು ಅಳೆದು ಹಾಕುವುದೇ ಡಿಲೇ ಸೆಟ್ ಮಾಡುವುದು. ಸೆಕೆ ಹೆಚ್ಚಾದರೆ ಸದ್ದಿನ ವೇಗವೂ ಹೆಚ್ಚುತ್ತದೆ, ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸೆಕೆಂಡಿಗೆ ಸುಮಾರು 0.6 ಮೀಟರ್. ಮಧ್ಯಾಹ್ನದ ಅಳತೆಯನ್ನು ರಾತ್ರಿ ಮತ್ತೆ ನೋಡಿಕೊಳ್ಳುವವರು ನೋಡಿಕೊಳ್ಳುವುದು ಅದಕ್ಕೇ.

ಈಗ ಮೊದಲು ಹೇಳಿದ ಮೂರು ಫಾರ್ವರ್ಡ್‌ಗಳಿಗೆ ಬರೋಣ. ಸೌಂಡ್ ಹೆಚ್ಚಿಸಿದರೆ ಸ್ಪೀಕರ್‌ನಿಂದ ನೇರವಾಗಿ ಬರುವ ಮಾತೂ ಹೆಚ್ಚುತ್ತದೆ, ಗೋಡೆಗೆ ಬಡಿದು ಬರುವ ಬಾಲವೂ ಅಷ್ಟೇ ಹೆಚ್ಚುತ್ತದೆ. ಎರಡರ ನಡುವಿನ ಅಂತರ ಬದಲಾಗುವುದಿಲ್ಲ, ಆದ್ದರಿಂದ ಸ್ಪಷ್ಟತೆಯೂ ಬದಲಾಗುವುದಿಲ್ಲ. ಬಾಕ್ಸ್ ಎಲ್ಲೆಂದರಲ್ಲಿ ಹೆಚ್ಚಿಸಿದರೆ ಇನ್ನಷ್ಟು ದಿಕ್ಕಿನಿಂದ ಗೋಡೆಗೆ ಸದ್ದು ಬಡಿಯುತ್ತದೆ. ಈಕ್ವಲೈಜರ್ ಗುಂಯ್‌ಗುಡುವ ಸ್ವರವನ್ನು ಸ್ವಲ್ಪ ತಗ್ಗಿಸಬಹುದು, ಆದರೆ ಹಾಲ್‌ನ ಅನುರಣನ ಕಾಲವನ್ನು ಸೆಕೆಂಡಿನ ನೂರನೇ ಒಂದು ಭಾಗದಷ್ಟೂ ಇಳಿಸಲಾರದು. ಸೇಬಿನ್ ಸೂತ್ರದಲ್ಲಿ ಸ್ಪೀಕರ್‌ಗೆ ಜಾಗವೇ ಇಲ್ಲ, ಇರುವುದು ಕೋಣೆಯ ಗಾತ್ರ ಮತ್ತು ಹೀರುವಿಕೆ. ಮೊಟ್ಟೆ ಟ್ರೇ ತೆಳು ರಟ್ಟು. ತೀಕ್ಷ್ಣ ಸ್ವರಗಳನ್ನು ಅಲ್ಪಸ್ವಲ್ಪ ಹೀರುತ್ತದೆ, ಗುಂಯ್‌ಗುಡುವ ಕೆಳಸ್ವರಗಳಿಗೆ ಏನೂ ಮಾಡುವುದಿಲ್ಲ, ಪಕ್ಕದ ಮನೆಗೆ ಹೋಗುವ ಸದ್ದನ್ನು ತಡೆಯುವುದೂ ಇಲ್ಲ. ಬೆಂಕಿ ಬಿದ್ದರೆ ಮಾತ್ರ ಬಹಳ ಚೆನ್ನಾಗಿ ಉರಿಯುತ್ತದೆ. ಜನ ಸೇರುವ ಹಾಲ್‌ನ ಗೋಡೆಗೆ ಅದನ್ನು ಅಂಟಿಸುವುದು ಅಪಾಯ.

ನಿಜಕ್ಕೂ ಕೆಲಸ ಮಾಡುವುದು ಬೇಸರ ತರಿಸುವಷ್ಟು ಸರಳ: ಚಾವಣಿಗೋ ಹಿಂದಿನ ಗೋಡೆಗೋ ಬೆಂಕಿ ಹಿಡಿಯದ, ದಪ್ಪನೆಯ ಸದ್ದು ಹೀರುವ ಹಲಗೆ, ಮಡಿಕೆ ಮಡಿಕೆಯಾದ ದಪ್ಪ ಪರದೆ. ಸ್ಪೀಕರ್‌ನ ಮುಖ ಚಾವಣಿಗಲ್ಲ, ಗೋಡೆಗಲ್ಲ, ಜನರ ಕಡೆಗೆ. ಒಂದೇ ಕಡೆ ಎರಡು ದೈತ್ಯ ಬಾಕ್ಸ್ ಇಡುವ ಬದಲು ಜನರ ಹತ್ತಿರ ಸಣ್ಣ ಸ್ಪೀಕರ್‌ಗಳು, ಕಡಿಮೆ ಸೌಂಡ್‌ನಲ್ಲಿ, ಸರಿಯಾದ ಡಿಲೇ ಜತೆ. ಸಭೆಯಲ್ಲಿರುವ ವಯಸ್ಸಾದವರಿಗೆ, ಕಿವಿ ಸ್ವಲ್ಪ ಮಂದವಾದವರಿಗೆ ಇದು ಸಣ್ಣ ವಿಷಯವಲ್ಲ. ಮಿಕ್ಕವರು ಅಂದಾಜಿನಿಂದ ಅರ್ಥಮಾಡಿಕೊಳ್ಳುವ ಮಾತು ಅವರಿಗೆ ಪೂರ್ತಿ ತಪ್ಪಿಹೋಗುತ್ತದೆ.

ಕೊನೆಯ ವರ್ಷಗಳು

ಸೇಬಿನ್ 1905ರಲ್ಲಿ ಪ್ರಾಧ್ಯಾಪಕರಾದರು, ಕೆಲವು ವರ್ಷ ಹಾರ್ವರ್ಡ್‌ನಲ್ಲಿ ಡೀನ್ ಕೂಡ ಆಗಿದ್ದರು. ವಾಸ್ತುಶಿಲ್ಪಿಗಳು ಸಲಹೆ ಕೇಳಿ ಬರುತ್ತಲೇ ಇದ್ದರು. 1913ರ ಹೊತ್ತಿಗೆ ಅವರು ರಂಗಮಂದಿರಗಳ ಚಿಕ್ಕ ಮಾದರಿ ಮಾಡಿ, ಅದರೊಳಗೆ ವಿದ್ಯುತ್ ಕಿಡಿಯಿಂದ ಸದ್ದು ಹುಟ್ಟಿಸಿ, ಆ ಸದ್ದಿನ ಅಲೆ ಗೋಡೆಗೆ ಬಡಿದು ಹರಡುವುದನ್ನು ಫೋಟೊ ತೆಗೆದಿದ್ದರು. ಸ್ಪೀಕರ್ ಎಲ್ಲಿ ತೂಗುಹಾಕಿದರೆ ಸದ್ದು ಎಲ್ಲಿಗೆ ಹೋಗುತ್ತದೆ ಎಂದು ಈಗ ಸಾಫ್ಟ್‌ವೇರ್‌ನಲ್ಲಿ ನೋಡುತ್ತಾರಲ್ಲ, ಅದರ ಮುತ್ತಜ್ಜ ಈ ಫೋಟೊಗಳು. ಹೆಂಚು ತಯಾರಕ ರಾಫೆಲ್ ಗುವಾಸ್ತವಿನೋ ಜತೆ ಸೇರಿ ಚರ್ಚ್‌ಗಳಿಗಾಗಿ ಸದ್ದು ಹೀರುವ ಹೆಂಚನ್ನೂ ರೂಪಿಸಿದರು.

ಬರೆದದ್ದು ಮಾತ್ರ ಕಡಿಮೆ. ಪೂರ್ತಿ ಖಚಿತವಾಗುವವರೆಗೆ ಪ್ರಕಟಿಸದ ಸ್ವಭಾವ ಅವರದು. ಅದರಿಂದ ನಮಗೆ ನಷ್ಟವೂ ಆಗಿದೆ ಎಂದೇ ನನಗನಿಸುತ್ತದೆ. ಅವರ ಪ್ರಬಂಧಗಳು ಒಂದು ಪುಸ್ತಕವಾಗಿ ಬಂದದ್ದು 1922ರಲ್ಲಿ, ಅವರು ತೀರಿಕೊಂಡ ಮೇಲೆ.

ಮೊದಲ ಮಹಾಯುದ್ಧದ ಸಮಯದಲ್ಲಿ ಸೇಬಿನ್ ಯುರೋಪಿನಲ್ಲಿದ್ದರು. ಪ್ಯಾರಿಸ್‌ನ ಸೊರ್ಬಾನ್‌ನಲ್ಲಿ ಉಪನ್ಯಾಸ ಕೊಟ್ಟರು, ಆಮೇಲೆ ಮಿತ್ರಪಡೆಗಳ ವಿಮಾನ ಸಂಬಂಧಿ ಕೆಲಸಕ್ಕೆ ಇಳಿದರು. ಅಲ್ಲಿದ್ದಾಗಲೇ ಮೂತ್ರಪಿಂಡದ ಕಾಯಿಲೆ ಹಿಡಿಯಿತು. ಅಮೆರಿಕಕ್ಕೆ ಮರಳಿದ ಮೇಲೆ ವಿಶ್ರಾಂತಿ ತೆಗೆದುಕೊಳ್ಳಲಿಲ್ಲ. ವಾಷಿಂಗ್ಟನ್‌ನಲ್ಲಿ ಯುದ್ಧದ ಕೆಲಸ, ಹಾರ್ವರ್ಡ್‌ನಲ್ಲಿ ಪಾಠ, ನಡುವೆ ರೈಲು ಪ್ರಯಾಣ. ಇಲಿನಾಯ್‌ನ ಜಿನೀವಾ ಎಂಬ ಊರಿನಲ್ಲಿ ಜಾರ್ಜ್ ಫೇಬಿಯನ್ ಎಂಬ ಸಿರಿವಂತ ಇವರಿಗಾಗಿಯೇ ರಿವರ್‌ಬ್ಯಾಂಕ್ ಎಂಬ ಶಬ್ದ ಪ್ರಯೋಗಾಲಯ ಕಟ್ಟಿಸಿದ್ದರು, 1918ರಲ್ಲಿ ಅದು ಸಿದ್ಧವಾಯಿತು. ಮಧ್ಯರಾತ್ರಿ ಮೆತ್ತೆ ಹೊರದೆ, ಟ್ರಾಮ್ ನಿಲ್ಲುವುದನ್ನು ಕಾಯದೆ ಅಳತೆ ತೆಗೆಯಬಹುದಾದ ಜಾಗ. ಸೇಬಿನ್‌ಗೆ ಅಲ್ಲಿ ಕೆಲಸ ಮಾಡುವ ಯೋಗ ಬರಲಿಲ್ಲ. 1919ರ ಜನವರಿ 10ರಂದು, 50ನೇ ವಯಸ್ಸಿನಲ್ಲಿ, ತೀರಿಕೊಂಡರು. ಪ್ರಯೋಗಾಲಯವನ್ನು ಅವರ ದೂರದ ಸಂಬಂಧಿ ಪಾಲ್ ಸೇಬಿನ್ ವಹಿಸಿಕೊಂಡರು.

ಸದ್ದು ಹೀರುವಿಕೆಯ ಅಳತೆಗೆ ಈಗ ಸೇಬಿನ್ ಎಂದೇ ಹೆಸರು. ಸದ್ದು ನಿಂತ ಮೇಲೆ ಅದು ಹತ್ತು ಲಕ್ಷದಲ್ಲಿ ಒಂದು ಪಾಲಿಗೆ, ಅಂದರೆ 60 ಡೆಸಿಬಲ್‌ನಷ್ಟು, ಇಳಿಯಲು ಹಿಡಿಯುವ ಸಮಯವೇ ಅನುರಣನ ಕಾಲ ಎಂದು ಇವತ್ತಿಗೂ ಎಲ್ಲ ಅಳತೆಯ ಆ್ಯಪ್‌ಗಳಲ್ಲಿ, ಸಾಫ್ಟ್‌ವೇರ್‌ಗಳಲ್ಲಿ ಇದೆ. ಹತ್ತು ಲಕ್ಷವೇ ಯಾಕೆ ಎಂದರೆ, ಅವರ ಆ ಆರ್ಗನ್ ಕೊಳವೆಯ ಸದ್ದು ಕಿವಿಗೆ ಕೇಳುವ ಅತಿ ಸಣ್ಣ ಸದ್ದಿಗಿಂತ ಸುಮಾರು ಅಷ್ಟೇ ಪಟ್ಟು ಹೆಚ್ಚಿತ್ತು.

ಎಲ್ಲಕ್ಕೂ ಕಾರಣವಾದ ಫಾಗ್ ಕೊಠಡಿಯ ಕಟ್ಟಡ ಮುಂದೆ ಅದನ್ನು ಕಟ್ಟಿದ ವಾಸ್ತುಶಿಲ್ಪಿಯ ಹೆಸರಿನಲ್ಲಿ ಹಂಟ್ ಹಾಲ್ ಆಯಿತು. 1973ರಲ್ಲಿ ಅದನ್ನು ಕೆಡವಿದರು. ಈಗ ಅಲ್ಲಿ ವಿದ್ಯಾರ್ಥಿಗಳ ಹಾಸ್ಟೆಲ್ ಇದೆ.